ಕಡಲ ತಡಿಯ ಬಿಡಾರ, ಘಟ್ಟದ ಮರಳು

(ಘಟ್ಟದ ತಪ್ಪಲಿನ ಗ್ರಾಮಸ್ಥರು ಮತ್ತು ವಿದ್ಯಾರ್ಥಿಗಳ ಸಭೆಗಾಗಿ ಸಿದ್ಧಪಡಿಸಿದ ಉಪನ್ಯಾಸದ ಪಠ್ಯ)



ಮಳೆಗಾಲ ಮುಗಿದು ದೀಪಾವಳಿಯ ಹಣತೆಗಳು ಆರಿದ ಮೇಲೆ ಕರಾವಳಿಯಲ್ಲಿ ಎರಡು ಬಗೆಯ ತಿರುಗಾಟ ಆರಂಭವಾಗುತ್ತದೆ. ಒಂದು, ಯಕ್ಷಗಾನ ಮೇಳಗಳದ್ದು. ಮಂದಾರ್ತಿ, ಕಟೀಲು ಮೊದಲಾದ ಮೇಳಗಳು ಗೆಜ್ಜೆ ಕಟ್ಟಿ ಹೊರಟರೆ ಮೇ ತಿಂಗಳವರೆಗೂ ಊರಿಂದೂರಿಗೆ ಬಿಡಾರ ಬದಲಾಯಿಸುತ್ತ ಸಾಗುತ್ತವೆ. ಇನ್ನೊಂದು, ವ್ಯಾನುಗಳಲ್ಲಿ ಬರುವ ದೂರದ ಪ್ರಯಾಣಿಕರದ್ದು. ಒಳಗೆ ಹಾಸಿಗೆ, ಗ್ಯಾಸ್ ಒಲೆ, ನೀರಿನ ಟ್ಯಾಂಕು. ಮಾಡಿನ ಮೇಲೆ ಸೌರಫಲಕ. ಹಿಂಬಾಗಿಲಿಗೆ ಕಟ್ಟಿದ ಹೆಚ್ಚುವರಿ ಟಯರು. ಕಾರವಾರ, ಗೋಕರ್ಣ, ಮರವಂತೆಗಳನ್ನು ದಾಟಿ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ತೆಂಕಣಕ್ಕೆ ಇಳಿಯುವ ಈ ವ್ಯಾನುಗಳು ಉಡುಪಿಯ ಆಸುಪಾಸಿನಲ್ಲಿ ಎರಡು ಮೂರು ದಿನ ನಿಲ್ಲುವುದುಂಟು. ನಿಲ್ಲುವ ಜಾಗ ಅನೇಕ ಸಲ ಕಾಪುವಿನ ಕಡಲ ದಂಡೆ.

ಹೊರದೇಶದ ನಂಬರಿನ ವ್ಯಾನುಗಳು ಕಡಿಮೆ. ಬೆಂಗಳೂರು, ಪುಣೆಗಳ ನೋಂದಣಿಯವು ಈಚಿನ ವರ್ಷಗಳಲ್ಲಿ ಹೆಚ್ಚಿವೆ. ಡಿಸೆಂಬರಿನ ಕೊನೆಯ ವಾರ ಬಂದರೆ ಬಾಡಿಗೆ ಗುಡಾರ ಹೊತ್ತು ಬರುವ ಕಾಲೇಜು ಹುಡುಗರೂ ಸೇರಿಕೊಳ್ಳುತ್ತಾರೆ. ಅವರಲ್ಲಿ ಕಾರ್ಕಳ, ಹೆಬ್ರಿ, ಶೃಂಗೇರಿ, ಕೊಪ್ಪದ ಕಡೆಯವರಿಗೇನೂ ಕೊರತೆಯಿಲ್ಲ. ಆದುದರಿಂದ ಕಡಲ ತಡಿಯ ಬಿಡಾರವು ಪರದೇಶಿಗಳ ಸಂಗತಿ, ಘಟ್ಟದವರಿಗೆ ಅದರಲ್ಲೇನು ಕೆಲಸ ಎಂದು ಈ ಸಭೆಯಲ್ಲಿ ಯಾರಾದರೂ ಎಣಿಸಿದ್ದರೆ ಆ ಎಣಿಕೆ ಸರಿಯಲ್ಲ. ವ್ಯಾನಿನ ಚಕ್ರ ಕಾಪುವಿನಲ್ಲಿ ಊರಿ ನಿಲ್ಲುವುದು ಘಟ್ಟದಿಂದ ಇಳಿದು ಬಂದ ಮರಳಿನ ಮೇಲೆ.

ಭೂಮಾರ್ಗದ ಈ ಯಾತ್ರೆಗೆ ಒಂದು ಚರಿತ್ರೆಯಿದೆ. 1957ರ ಏಪ್ರಿಲ್ 15ರಂದು ಲಂಡನ್ನಿನಿಂದ ‘ಇಂಡಿಯಾಮನ್’ ಎಂಬ ಬಸ್ಸು ಇಪ್ಪತ್ತು ಪ್ರಯಾಣಿಕರೊಡನೆ ಹೊರಟು ಜೂನ್ 5ರಂದು ಕಲ್ಕತ್ತೆ ತಲುಪಿತು. ಆಮೇಲಿನ ಎರಡು ದಶಕಗಳಲ್ಲಿ ಇಸ್ತಾಂಬುಲ್, ಟೆಹರಾನ್, ಕಾಬೂಲ್, ಲಾಹೋರ್, ದೆಹಲಿಯ ದಾರಿಯಲ್ಲಿ ಸಾವಿರಾರು ಯುವಜನ ಬಸ್ಸು, ಫೋಕ್ಸ್‌ವ್ಯಾಗನ್ ವ್ಯಾನುಗಳಲ್ಲಿ ಬಂದರು. ಜನರು ಅವರನ್ನು ‘ಹಿಪ್ಪಿಗಳು’ ಎಂದರು. ಅವರ ದಾರಿಯ ಕೊನೆ ಗೋವೆಯ ಕಡಲಾಗಿತ್ತು; ಗೋವೆಯಲ್ಲಿ ಜನದಟ್ಟಣೆ ಹೆಚ್ಚಿದಾಗ ಗೋಕರ್ಣವಾಯಿತು. 1979ರಲ್ಲಿ ಇರಾನಿನ ಕ್ರಾಂತಿಯೂ ಅಫ್ಘಾನಿಸ್ತಾನಕ್ಕೆ ಸೋವಿಯತ್ ಸೇನೆಯ ಪ್ರವೇಶವೂ ನಡೆದು ಕಾಬೂಲಿನ ದಾರಿ ಮುಚ್ಚಿತು. ಇರಾನಿನಿಂದ ಬಲೂಚಿಸ್ತಾನದ ಮೂಲಕ ಲಾಹೋರಿಗೆ ಬಂದು ವಾಘಾ–ಅಟ್ಟಾರಿಯಲ್ಲಿ ಗಡಿ ದಾಟುವ ದಾರಿಯಷ್ಟೇ ಉಳಿಯಿತು. ಪಹಲ್ಗಾಮ್ ದಾಳಿಯ ಬೆನ್ನಿಗೆ 2025ರ ಏಪ್ರಿಲಿನಲ್ಲಿ ಅಟ್ಟಾರಿಯ ಗಡಿಯನ್ನೂ ಮುಚ್ಚಲಾಯಿತು. ವ್ಯಾನನ್ನು ಹಡಗಿಗೇರಿಸಿ ತರುವುದು ಬೇರೆಯೇ ಖರ್ಚಿನ ಮಾತು. ಹಾಗಿದ್ದೂ ಮನೆಯನ್ನು ಚಕ್ರದ ಮೇಲಿಟ್ಟು ಲೋಕ ಸುತ್ತುವ ಹಂಬಲ ಕುಗ್ಗಿಲ್ಲ. ಕೇರಳ ಸರ್ಕಾರವು 2021ರಲ್ಲಿ ‘ಕೇರವಾನ್ ಕೇರಳ’ ಎಂಬ ಯೋಜನೆಯನ್ನೇ ಪ್ರಕಟಿಸಿತು. ಆ ಹಂಬಲವನ್ನು ಹಳಿಯಬೇಕಾದ ಕಾರಣವೂ ಇಲ್ಲ. ವಿಮಾನದಲ್ಲಿ ಹಾರಿ ಬಂದು ಹವಾನಿಯಂತ್ರಿತ ಕೋಣೆಯಲ್ಲಿ ಮಲಗುವವನಿಗಿಂತ ವ್ಯಾನಿನಲ್ಲಿ ಬರುವವನು ಊರನ್ನು ಹೆಚ್ಚು ಕಾಣುತ್ತಾನೆ, ನೀರು ಕರೆಂಟುಗಳನ್ನು ಕಡಿಮೆ ಬಳಸುತ್ತಾನೆ. ಎಂಬತ್ತು ನೂರು ಲೀಟರಿನ ಟ್ಯಾಂಕಿನಲ್ಲಿ ಇಬ್ಬರು ಹಲವು ದಿನ ಕಳೆಯುವುದನ್ನು ನೋಡಿದರೆ ಬಚ್ಚಲಲ್ಲಿ ಹಂಡೆಗಟ್ಟಲೆ ಸುರಿಯುವವರಿಗೆ ನಾಚಿಕೆಯಾಗಬೇಕು.

ಪ್ರಶ್ನೆ ಇರುವುದು ಅವರು ಎಲ್ಲಿ ನಿಲ್ಲುತ್ತಾರೆ ಎಂಬುದರಲ್ಲಿ.

ಕಾಪು ಉಡುಪಿಯಿಂದ ತೆಂಕಣಕ್ಕೆ ಸುಮಾರು 13 ಕಿಲೋಮೀಟರ್. ಹೆದ್ದಾರಿಯಿಂದ ಪಡುವಣಕ್ಕೆ ತಿರುಗಿದರೆ ಸ್ವಲ್ಪದರಲ್ಲಿ ಕಡಲು, ಬಂಡೆಯ ಮೇಲೆ 1901ರಲ್ಲಿ ಕಟ್ಟಿದ ದೀಪಸ್ತಂಭ. ವ್ಯಾನಿಗೆ ಏನಾದರೂ ಕೆಟ್ಟರೆ ಉಡುಪಿಯಲ್ಲಿ ಗ್ಯಾರೇಜು, ಮೈಗೆ ಏನಾದರೂ ಆದರೆ ಮಣಿಪಾಲದಲ್ಲಿ ಆಸ್ಪತ್ರೆ; ಎರಡೂ ಹತ್ತಿರ. ಸಂಜೆ ಜನ ಬರುತ್ತಾರೆ, ಕತ್ತಲಾದ ಮೇಲೆ ಹೋಗುತ್ತಾರೆ. ಆಮೇಲೆ ಗಾಳಿ, ಅಲೆ ಮತ್ತು ತಿರುಗುವ ದೀಪ. ದಾರಿಯುದ್ದಕ್ಕೂ ಲಾರಿಗಳ ಹಾರನ್ ಕೇಳಿ ಬಂದವರಿಗೆ ಇದು ಸ್ವರ್ಗ ಅನ್ನಿಸಿದರೆ ಆಶ್ಚರ್ಯವಿಲ್ಲ. ದಂಡೆಯ ಮರಳು ಬಯಲಿನಂತೆ ಕಾಣುತ್ತದೆ. ಬೇಲಿಯಿಲ್ಲ, ಬೆಳೆಯಿಲ್ಲ, ಹೆಸರಿನ ಫಲಕವಿಲ್ಲ. ಯಾರದ್ದೂ ಅಲ್ಲದ ಜಾಗ ಎಂದು ತಿಳಿದು ಚಾಲಕನು ಇನ್ನೂ ಹತ್ತು ಮಾರು ಮುಂದಕ್ಕೆ, ಅಲೆಗೆ ಹತ್ತಿರಕ್ಕೆ ವ್ಯಾನನ್ನು ತರುತ್ತಾನೆ. ಯಾರದ್ದೂ ಅಲ್ಲ ಎಂದು ಅವನು ತಿಳಿದ ಆ ಜಾಗಕ್ಕೆ ಹಕ್ಕುದಾರರು ಬಹಳ ಮಂದಿ.

ಮೊದಲನೆಯ ಹಕ್ಕುದಾರ ಘಟ್ಟವೇ. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುತ್ತದೆ. ಆ ನೀರು ಕಲ್ಲನ್ನು ಕೊರೆಯುತ್ತದೆ, ಬೇರುಗಳ ನಡುವೆ ಇಳಿಯುತ್ತದೆ, ಹಳ್ಳಗಳಲ್ಲಿ ಉರುಳುತ್ತದೆ. ಬಂಡೆ ಒಡೆದು ಗುಂಡುಕಲ್ಲಾಗಿ, ಗುಂಡುಕಲ್ಲು ಸವೆದು ಗರಸಾಗಿ, ಗರಸು ಮರಳಾಗಿ ಕೆಳಗಿಳಿಯುತ್ತದೆ. ಆಗುಂಬೆಯ ಸುತ್ತಲಿನ ಕಾಡಿನಿಂದ ಸೀತೆ, ಕಾರ್ಕಳದ ಮಾಳದ ಕಡೆಯ ಘಟ್ಟದಿಂದ ಸ್ವರ್ಣೆ. ಎರಡೂ ಕೋಡಿಬೆಂಗ್ರೆಯ ಬಳಿ ಕಡಲು ಸೇರುತ್ತವೆ. ಕಾಪುವಿಗೆ ಬಡಗಣದಲ್ಲಿ ಉದ್ಯಾವರದ ಹೊಳೆ, ತೆಂಕಣದಲ್ಲಿ ಮುಲ್ಕಿಯ ಅಳಿವೆಗೆ ಬರುವ ಶಾಂಭವಿ. ಇವೆಲ್ಲ ಕೃಷ್ಣೆ ಕಾವೇರಿಗಳಂತೆ ನಿಧಾನದ ನದಿಗಳಲ್ಲ. ನೂರು ಕಿಲೋಮೀಟರಿನೊಳಗೆ ಓಟ ಮುಗಿಸುವ ಅವಸರದ ಹೊಳೆಗಳು. ಮಳೆಗಾಲದ ನಾಲ್ಕು ತಿಂಗಳಲ್ಲಿ ಅವು ತಂದು ಸುರಿದ ಮರಳನ್ನು ಕಡಲಿನ ಸೆಳೆತ ದಡದುದ್ದಕ್ಕೂ ಹಂಚುತ್ತದೆ. ಯಾವ ಕಣ ಯಾವ ಹೊಳೆಯದ್ದೆಂದು ಕಡಲು ಲೆಕ್ಕ ಇಡುವುದಿಲ್ಲ. ದಂಡೆಯ ಮರಳನ್ನು ಮುಷ್ಟಿಯಲ್ಲಿ ಹಿಡಿದು ನೋಡಿದರೆ ಬೆಳ್ಳಗಿನ ಸ್ಫಟಿಕದ ಹರಳುಗಳ ನಡುವೆ ಕಪ್ಪು ಕಣಗಳೂ ಸಿಗುತ್ತವೆ. ಘಟ್ಟದ ಹಳ್ಳಗಳಲ್ಲಿ ಆಡಿದವರಿಗೆ ಆ ಹೊಳಪಿನ ಪರಿಚಯ ಇದ್ದೇ ಇದೆ.

ಈ ಮರಳಿಗೆ ಋತುಮಾನವಿದೆ. ಜೂನ್‌ನಿಂದ ಎದ್ದು ಬರುವ ದೊಡ್ಡ ಅಲೆಗಳು ದಂಡೆಯ ಮರಳನ್ನು ಎಳೆದು ದಡದಾಚೆ ನೀರಿನಡಿಯ ದಿಬ್ಬಗಳಲ್ಲಿ ಇಡುತ್ತವೆ. ಅಕ್ಟೋಬರಿನ ನಂತರದ ಸಣ್ಣ ಅಲೆಗಳು ಅದನ್ನು ಸ್ವಲ್ಪ ಸ್ವಲ್ಪವಾಗಿ ಮರಳಿ ತಂದು ಹಾಸುತ್ತವೆ. ಹಾಗೆ ಬಂದ ಮರಳಿನಲ್ಲಿ ಒಂದು ಪಾಲನ್ನು ಗಾಳಿ ಒಳಕ್ಕೆ ಒಯ್ಯುತ್ತದೆ. ಅದನ್ನು ಹಿಡಿಯುವುದು ಆಡಿನ ಗೊರಸಿನಂತೆ ಸೀಳಿದ ಎಲೆಯ, ನೇರಳೆ ಹೂವಿನ ಬಳ್ಳಿ. ಅದರ ಹಿಂದೆ ಮುಳ್ಳು ಹುಲ್ಲು. ಇನ್ನೂ ಹಿಂದೆ ಕೇದಗೆ, ಹೊನ್ನೆ. ಹೀಗೆ ಕಟ್ಟಿಕೊಂಡ ಮರಳುದಿಬ್ಬವೇ ಕಡಲಿನ ಎದುರು ಊರಿನ ಕಣಜ. ಮಳೆಗಾಲದ ಅಲೆಗೆ ಮರಳು ಸಾಲದೆ ಬಂದಾಗ ದಿಬ್ಬ ತನ್ನ ಸಂಗ್ರಹದಿಂದ ಕೊಡುತ್ತದೆ, ಅಲೆ ಅಷ್ಟಕ್ಕೇ ತೃಪ್ತವಾಗಿ ಹಿಂದೆ ಸರಿಯುತ್ತದೆ. ಕಣಜ ಖಾಲಿಯಾಗಿದ್ದರೆ ಅಲೆ ತೆಂಗಿನ ಬುಡಕ್ಕೆ ಬರುತ್ತದೆ.

ಮೂರು ನಾಲ್ಕು ಟನ್ನಿನ ವ್ಯಾನು ಈ ಬಳ್ಳಿಯ ಮೇಲೆ ಹಾದುಹೋದರೆ ಏನಾಗುತ್ತದೆ ಎಂಬುದನ್ನು ಮರುದಿನ ಬೆಳಗ್ಗೆ ಹೋಗಿ ನೋಡಬಹುದು. ಬಳ್ಳಿಯ ಗಂಟು ಅಲ್ಲಲ್ಲಿ ಮರಳಿನೊಳಗೆ ಬೇರು ಬಿಟ್ಟಿರುತ್ತದೆ. ಚಕ್ರ ಆ ಗಂಟನ್ನು ಜಜ್ಜುತ್ತದೆ, ಬೇರು ಕೀಳುತ್ತದೆ. ಒಂದು ವ್ಯಾನಿಗೆ ಬಳ್ಳಿ ಸಾಯುವುದಿಲ್ಲ. ಅದೇ ಜಾಡಿನಲ್ಲಿ ಎರಡನೆಯದು, ಹತ್ತನೆಯದು ಬಂದಾಗ ಅದು ದಾರಿಯಾಗುತ್ತದೆ. ಆ ದಾರಿಯ ಮರಳನ್ನು ಹಿಡಿಯುವವರಿಲ್ಲ. ಗಾಳಿ ಅದನ್ನು ಕೊರೆದು ದಿಬ್ಬದಲ್ಲಿ ಒಂದು ಕಂಡಿ ಮಾಡುತ್ತದೆ. ಜುಲೈ ತಿಂಗಳ ಉಬ್ಬರದ ನೀರು ಒಳನುಗ್ಗುವುದು ಅಂಥ ಕಂಡಿಯಿಂದಲೇ. ಅಷ್ಟರಲ್ಲಿ ವ್ಯಾನು ಹಿಮಾಲಯದಲ್ಲಿರುತ್ತದೆ.

ಇಷ್ಟು ಹೇಳಿದ ಮೇಲೆ ಒಂದು ನ್ಯಾಯದ ಮಾತನ್ನೂ ಹೇಳಬೇಕು. ಕಡಲ್ಕೊರೆತದ ದೊಡ್ಡ ಅಪರಾಧಿ ವ್ಯಾನು ಅಲ್ಲ. 1990ರಿಂದ 2018ರವರೆಗಿನ ಉಪಗ್ರಹ ಚಿತ್ರಗಳನ್ನು ಪರಿಶೀಲಿಸಿದ ರಾಷ್ಟ್ರೀಯ ಕರಾವಳಿ ಸಂಶೋಧನಾ ಕೇಂದ್ರವು ದೇಶದ ಮುಖ್ಯಭೂಮಿಯ ಕರಾವಳಿಯಲ್ಲಿ ಸುಮಾರು ಮೂರನೆಯ ಒಂದು ಪಾಲು ಕೊರೆತಕ್ಕೆ ಒಳಗಾಗಿದೆ ಎಂದು ಕಂಡುಕೊಂಡಿದೆ. ಅದಕ್ಕೆ ಕಾರಣಗಳು ಹಲವು: ಏರುತ್ತಿರುವ ಕಡಲ ಮಟ್ಟ, ಬಂದರುಗಳಿಗೆಂದು ಅಳಿವೆಗಳಲ್ಲಿ ಕಟ್ಟುವ ತಡೆಗೋಡೆಗಳು, ಹೊಳೆಯ ಒಡಲಿನಿಂದಲೇ ಮರಳನ್ನು ಲಾರಿಗೆ ತುಂಬುವುದು, ಮೇಲ್ಗಡೆಯ ಅಣೆಕಟ್ಟುಗಳು. ಕಾರ್ಕಳಕ್ಕೆ ನೀರುಣಿಸುವ ಮುಂಡ್ಲಿ, ಉಡುಪಿ ಮಣಿಪಾಲಗಳಿಗೆ ನೀರುಣಿಸುವ ಬಜೆ, ಎರಡೂ ಸ್ವರ್ಣೆಯ ಕಟ್ಟುಗಳೇ. ನೀರು ಬೇಡ ಎನ್ನುವವರು ಯಾರೂ ಇಲ್ಲ. ಆದರೆ ಕಟ್ಟಿನ ಹಿಂದೆ ನೀರಿನೊಡನೆ ಮರಳೂ ನಿಲ್ಲುತ್ತದೆ ಎಂಬ ಸಂಗತಿಯನ್ನು ಯೋಜನೆಯ ಕಡತಗಳಲ್ಲಿ ಬರೆದವರು ಕಡಿಮೆ. ಹೊಳೆಯ ದಾರಿಯಲ್ಲಿ ಪುಕ್ಕಟೆಯಾಗಿ ಬರುತ್ತಿದ್ದ ಮರಳು ಬರದಾದಾಗ ಒಳನಾಡಿನ ಕೋರೆಗಳಿಂದ ಕಲ್ಲುಬಂಡೆಗಳು ಲಾರಿಗಳಲ್ಲಿ ಕಡಲಿಗೆ ಹೋಗುತ್ತವೆ. ಕಾರ್ಕಳವೆಂಬ ಹೆಸರು ಕರಿಕಲ್ಲಿನಿಂದ ಬಂದುದೆಂಬ ಮಾತಿದೆ. 1432ರಲ್ಲಿ ಆ ಊರಿನ ಬೆಟ್ಟದ ಮೇಲೆ 42 ಅಡಿಯ ಗೊಮ್ಮಟನನ್ನು ನಿಲ್ಲಿಸಿದ ಜನ ಕಲ್ಲಿಗೆ ಕೊಟ್ಟ ಬೆಲೆಯನ್ನೂ, ಈಗ ಕಲ್ಲನ್ನು ಅಲೆಯ ಬಾಯಿಗೆ ಸುರಿಯುವ ಪರಿಯನ್ನೂ ಒಟ್ಟಿಗೆ ನೆನೆದರೆ ಮನಸ್ಸು ಭಾರವಾಗುತ್ತದೆ. ಕಲ್ಲಿನ ಗೋಡೆಗೆ ಬಡಿದ ಅಲೆ ತನ್ನ ಬಲವನ್ನು ಕಳೆದುಕೊಳ್ಳದೆ ಹಿಂದಿರುಗಿ ಎದುರಿನ ಮರಳನ್ನೇ ಕೆರೆಯುತ್ತದೆ; ಗೋಡೆ ಮುಗಿಯುವಲ್ಲಿ ಕೊರೆತ ಪಕ್ಕದ ಮನೆಗೆ ವರ್ಗವಾಗುತ್ತದೆ.

ಹೀಗೆ ಮೊದಲೇ ಬಡವಾಗಿರುವ ದಂಡೆಯ ಮೇಲೆ ವ್ಯಾನು ನಿಲ್ಲುತ್ತದೆ. ಜ್ವರ ಬಂದವನ ಎದೆಯ ಮೇಲೆ ಕೂತವನು ಜ್ವರಕ್ಕೆ ಕಾರಣನಲ್ಲ, ಆದರೂ ಎದ್ದೇಳಬೇಕಾದವನೇ.

ಎರಡನೆಯ ಹಕ್ಕುದಾರರು ಮೊಗವೀರರು. ಬೆಳಗಿನ ಜಾವ ವ್ಯಾನಿನ ಬಾಗಿಲು ತೆರೆಯುವ ಹೊತ್ತಿಗೆ ದಂಡೆಯಲ್ಲಿ ಕೆಲಸ ಆರಂಭವಾಗಿರುತ್ತದೆ. ಒಂದು ಕಾಲದಲ್ಲಿ ಈ ಕರಾವಳಿಯ ಜೀವಾಳ ರಂಪಣಿ ಬಲೆ. ದೋಣಿಯಲ್ಲಿ ಬಲೆಯನ್ನು ಅರ್ಧಚಂದ್ರಾಕಾರವಾಗಿ ಬಿಟ್ಟು ಎರಡೂ ತುದಿಯ ಹಗ್ಗವನ್ನು ದಡದಿಂದ ಹತ್ತಾರು ಜನ ಎಳೆಯುತ್ತಿದ್ದರು. ಬಂಗುಡೆ, ಬೂತಾಯಿಗಳು ದಡಕ್ಕೇ ಬರುತ್ತಿದ್ದವು. ಎಳೆದವರಿಗೆಲ್ಲ ಪಾಲು ಇತ್ತು. 1970ರ ದಶಕದ ಉತ್ತರಾರ್ಧದಲ್ಲಿ ಪರ್ಸೀನ್ ದೋಣಿಗಳು ಬಂದ ಮೇಲೆ ಮೀನು ದಡಕ್ಕೆ ಬರುವ ಮೊದಲೇ ಕಡಲಿನಲ್ಲಿಯೇ ಬಲೆಗೆ ಬಿದ್ದು ರಂಪಣಿ ಕಣ್ಮರೆಯಾಯಿತು. ಅದರ ಚಿಕ್ಕ ರೂಪವಾದ ಕೈರಂಪಣಿ ಅಲ್ಲಲ್ಲಿ ಉಳಿದಿದೆ. ಅದಕ್ಕೆ ಬೇಕಾದುದು ತೆರೆದ ಮರಳು: ಹಗ್ಗ ಹಿಡಿದವರು ಹಿಂದೆ ಹಿಂದೆ ಹೆಜ್ಜೆಯಿಡುತ್ತ ಹೋಗುವಷ್ಟು ಜಾಗ, ಬಲೆ ಹರವಿ ಒಣಗಿಸುವಷ್ಟು ಜಾಗ, ನಾಡದೋಣಿ ಎಳೆದಿಡುವಷ್ಟು ಜಾಗ. ಕಲ್ಲುಗೋಡೆ ಬಂದಲ್ಲಿ ಈ ಕಸುಬು ನಿಂತಿತು. ರೆಸಾರ್ಟಿನ ಬೇಲಿ ಬಂದಲ್ಲಿ ನಿಂತಿತು. ವ್ಯಾನು ಬಂದಲ್ಲಿ ನಿಲ್ಲುವುದಿಲ್ಲವಾದರೂ ಹಗ್ಗ ಎಳೆಯುವವರು ಸುತ್ತಿಕೊಂಡು ಹೋಗಬೇಕಾಗುತ್ತದೆ. ‘ಸ್ವಾಮಿ, ಗಾಡಿ ಸ್ವಲ್ಪ ಹಿಂದೆ ತೆಗೀರಿ’ ಎಂದು ನಿದ್ದೆಗಣ್ಣಿನ ಪ್ರಯಾಣಿಕನಿಗೆ ಯಾವ ಭಾಷೆಯಲ್ಲಿ ಹೇಳುವುದು? ಹೆಚ್ಚಿನವರು ಹೇಳುವುದೇ ಇಲ್ಲ. ಹೇಳದಿರುವುದನ್ನು ಪ್ರಯಾಣಿಕರು ತಮ್ಮ ದಿನಚರಿಯಲ್ಲಿ ಊರವರ ಆತ್ಮೀಯ ಸ್ವಾಗತವೆಂದು ಬರೆದುಕೊಂಡರೆ ಅಚ್ಚರಿಯೇನು?

ಇನ್ನು ನೀರು ಮತ್ತು ಶೌಚದ ವಿಷಯ. ಸಭೆಯಲ್ಲಿ ಆಡಲು ಸಂಕೋಚದ ಮಾತು, ಆದರೆ ಇಡೀ ವಿಷಯದ ಗಂಟು ಇರುವುದು ಇಲ್ಲಿಯೇ. ಕಡಲ ತಡಿಯ ಮನೆಗಳ ಬಾವಿಗಳು ಆಳವಿಲ್ಲದವು. ಮರಳಿನೊಳಗೆ ಇಂಗಿದ ಮಳೆನೀರು ಕೆಳಗಿನ ಉಪ್ಪುನೀರಿನ ಮೇಲೆ ಎಣ್ಣೆಯಂತೆ ತೇಲಿ ನಿಂತಿರುತ್ತದೆ. ಕಡಲ ಮಟ್ಟದಿಂದ ಒಂದು ಮೀಟರ್ ಮೇಲಿನವರೆಗೆ ಸಿಹಿನೀರು ಇದ್ದರೆ ಕೆಳಗೆ ಸುಮಾರು ನಲವತ್ತು ಮೀಟರಿನ ತನಕ ಸಿಹಿನೀರು ಇರಬಲ್ಲುದು ಎಂಬುದು ಭೂಜಲ ಶಾಸ್ತ್ರದ ಹಳೆಯ ಲೆಕ್ಕ. ಮೇಲಿನದು ಒಂದು ಗೇಣು ಇಳಿದರೆ ಕೆಳಗಿನಿಂದ ಉಪ್ಪು ನಲವತ್ತು ಗೇಣು ಏರುತ್ತದೆ. ಕಾಪುವಿಗೆ ತುಸು ಬಡಗಣದ ಮಟ್ಟು ಗ್ರಾಮದಲ್ಲಿ ಬೆಳೆಯುವ ಗುಳ್ಳಬದನೆಗೆ 2011ರಲ್ಲಿ ಭೌಗೋಳಿಕ ಸೂಚಿಕೆ ಸಿಕ್ಕಿತು. ಆ ಬದನೆಯ ರುಚಿ ನಿಂತಿರುವುದು ಕಡಲು ಹೊಳೆಗಳ ನಡುವಿನ ಕಿರಿದಾದ ನೆಲದ ಮೇಲೆ, ಇಂಥದೇ ತೆಳುವಾದ ಸಿಹಿನೀರಿನ ಮೇಲೆ. ಈ ಮರಳಿಗೆ ಸುರಿದುದೆಲ್ಲ ಬೇಗನೆ ಬಾವಿಗೆ ಇಳಿಯುತ್ತದೆ. ಎರೆಮಣ್ಣು ಸೋಸುವಂತೆ ಮರಳು ಸೋಸುವುದಿಲ್ಲ.

ವ್ಯಾನುಗಳಲ್ಲಿ ಚಿಕ್ಕ ಪೆಟ್ಟಿಗೆಯಂಥ ಶೌಚತೊಟ್ಟಿ ಇರುತ್ತದೆ. ವಾಸನೆ ಬಾರದಿರಲೆಂದು ಅದಕ್ಕೆ ನೀಲಿ ಬಣ್ಣದ ರಾಸಾಯನಿಕ ದ್ರವ ಹಾಕುವವರಿದ್ದಾರೆ. ಯುರೋಪಿನ ಬಿಡಾರಗಳಲ್ಲಿ ಅದನ್ನು ಖಾಲಿ ಮಾಡಲು ಪ್ರತ್ಯೇಕ ಗುಂಡಿಗಳಿರುತ್ತವೆ. ಇಲ್ಲಿ ಹೆದ್ದಾರಿಯುದ್ದಕ್ಕೂ ಅಂಥದ್ದು ಹುಡುಕಿದರೂ ಸಿಗುವುದು ಕಷ್ಟ. ತೊಟ್ಟಿ ನಾಲ್ಕು ದಿನಕ್ಕೆ ತುಂಬುತ್ತದೆ. ಆಮೇಲೆ ಎಲ್ಲಿಗೆ? ಪೆಟ್ರೋಲ್ ಬಂಕಿನ ಶೌಚಾಲಯಕ್ಕೆ ಹೋಗಿ ಖಾಲಿ ಮಾಡುವ ಸಭ್ಯರಿದ್ದಾರೆ. ಕತ್ತಲಲ್ಲಿ ಮರಳು ತೋಡಿ ಮುಚ್ಚುವವರೂ ಇದ್ದಾರೆ. ಇದನ್ನು ವಿದೇಶಿಯರ ತಪ್ಪೆಂದು ಮಾತ್ರ ಹೇಳಿದರೆ ಅನ್ಯಾಯ. ಗುಡಾರದಲ್ಲಿ ಮಲಗುವ ಹುಡುಗರಿಗೆ ತೊಟ್ಟಿಯೂ ಇಲ್ಲ, ಗುದ್ದಲಿಯೂ ಇಲ್ಲ. ಡಿಸೆಂಬರ್ 31ರ ರಾತ್ರಿ ಕಳೆದು ಬೆಳಗಾದಾಗ ಕೇದಗೆ ಪೊದೆಯ ಹಿಂದೆ ಏನಿರುತ್ತದೆ ಎಂಬುದನ್ನು ಅಲ್ಲಿ ಕಸ ಹೆಕ್ಕುವ ಹೆಂಗಸರನ್ನು ಕೇಳಬೇಕು. ಒಡೆದ ಬಾಟಲಿಯ ಚೂರು ಮರಳಲ್ಲಿ ಹೂತುಹೋಗಿ ಹಗ್ಗ ಎಳೆಯುವವರ ಬರಿಗಾಲಿಗೆ ಕಾದಿರುತ್ತದೆ.

ಮೂರನೆಯ ಹಕ್ಕುದಾರರು ರಾತ್ರಿ ಬರುತ್ತಾರೆ. ಆಲಿವ್ ರಿಡ್ಲಿ ಎಂಬ ಕಡಲಾಮೆ ಮೊಟ್ಟೆಯಿಡಲು ಈ ಕರಾವಳಿಗೆ ಬರುವುದು ಚಳಿಗಾಲದಲ್ಲಿ, ಅಂದರೆ ಬಿಡಾರದವರ ಋತುವಿನಲ್ಲಿಯೇ. ಕುಂದಾಪುರದ ಕೋಡಿ, ಮರವಂತೆಯ ಕಡೆಗಳಲ್ಲಿ ಅರಣ್ಯ ಇಲಾಖೆಯೂ ಊರವರೂ ಸೇರಿ ಗೂಡುಗಳನ್ನು ಕಾಯುತ್ತಿರುವುದು ಹೆಮ್ಮೆಯ ಸಂಗತಿ. ಹೆಣ್ಣಾಮೆ ಮರಳು ತೋಡಿ ನೂರರಷ್ಟು ಮೊಟ್ಟೆಯಿಟ್ಟು ಮುಚ್ಚಿ ಹೋಗುತ್ತದೆ. ಸುಮಾರು ಏಳೆಂಟು ವಾರಗಳಲ್ಲಿ ಮರಿಗಳು ಹೊರಬರುತ್ತವೆ. ಕತ್ತಲ ನೆಲಕ್ಕಿಂತ ಕಡಲಿನ ದಿಗಂತ ಸ್ವಲ್ಪ ಬೆಳಗಿರುತ್ತದೆ. ಆ ಬೆಳಕೇ ಮರಿಗಳಿಗೆ ದಾರಿ. ದಂಡೆಯಲ್ಲಿ ಬೆಂಕಿ ಉರಿಯುತ್ತಿದ್ದರೆ, ವ್ಯಾನಿನ ಮುಂದೆ ಬಣ್ಣದ ದೀಪದ ಸರ ತೂಗುತ್ತಿದ್ದರೆ ಮರಿಗಳು ಅತ್ತ ನಡೆಯುತ್ತವೆ, ಬೆಳಗಾಗುವುದರೊಳಗೆ ಕಾಗೆ ನಾಯಿಗಳ ಪಾಲಾಗುತ್ತವೆ. ಚಕ್ರದ ಜಾಡು ಮನುಷ್ಯನ ಕಣ್ಣಿಗೆ ಗೀರು. ಅಂಗೈಗಿಂತ ಚಿಕ್ಕ ಮರಿಗೆ ಅದು ಹತ್ತಲಾರದ ಕಾಲುವೆ.

ಕಾನೂನು ಏನು ಹೇಳುತ್ತದೆ? 1991ರ ಫೆಬ್ರವರಿ 19ರಂದು ಮೊದಲ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆ ಬಂದಿತು. 2011ರಲ್ಲಿಯೂ 2019ರ ಜನವರಿಯಲ್ಲಿಯೂ ಅದನ್ನು ಹೊಸದಾಗಿ ಬರೆಯಲಾಯಿತು. ಮರಳುದಿಬ್ಬಗಳು ಅದರಲ್ಲಿ ಅತ್ಯಂತ ಸೂಕ್ಷ್ಮವೆಂದು ಗುರುತಿಸಿದ ವಲಯಕ್ಕೆ ಸೇರುತ್ತವೆ. ಅವುಗಳನ್ನು ಮಟ್ಟ ಮಾಡುವುದು, ಮಾರ್ಪಡಿಸುವುದು ನಿಷಿದ್ಧ. ಆದರೆ 2019ರ ಅಧಿಸೂಚನೆ, ಹೆಚ್ಚು ಜನಸಾಂದ್ರತೆಯ ಗ್ರಾಮೀಣ ಪ್ರದೇಶಗಳಲ್ಲಿ ಅಭಿವೃದ್ಧಿ ನಿಷೇಧದ ಅಗಲವನ್ನು 200 ಮೀಟರಿನಿಂದ 50 ಮೀಟರಿಗೆ ಇಳಿಸಿತು. ಉಬ್ಬರದ ಗೆರೆಯಿಂದ 10 ಮೀಟರ್ ಬಿಟ್ಟು ಪ್ರವಾಸಿಗಳಿಗೆ ತಾತ್ಕಾಲಿಕ ಗುಡಿಸಲು, ಶೌಚಾಲಯಗಳನ್ನು ಹಾಕಲು ಅವಕಾಶ ಕೊಟ್ಟಿತು. ಒಂದು ರಾತ್ರಿ ನಿಂತು ಹೋಗುವ ವ್ಯಾನಿನ ಮೇಲೆ ಸಿಟ್ಟಾಗುವವರು ಐವತ್ತು ಮೀಟರಿನಾಚೆ ಶಾಶ್ವತವಾಗಿ ನಿಲ್ಲುವ ಕಾಂಕ್ರೀಟಿನ ಬಗ್ಗೆಯೂ ಮಾತಾಡಬೇಕಾಗುತ್ತದೆ.

ಕಾಪು ತಾಲೂಕಿನ ಪಡುಬಿದ್ರಿಯ ದಂಡೆಗೆ 2020ರಲ್ಲಿ ಡೆನ್ಮಾರ್ಕಿನ ಸಂಸ್ಥೆಯೊಂದು ಕೊಡುವ ‘ಬ್ಲೂ ಫ್ಲ್ಯಾಗ್’ ಮನ್ನಣೆ ದೊರೆಯಿತು. ಅದೇ ವರ್ಷ ಹೊನ್ನಾವರದ ಕಾಸರಕೋಡಿಗೂ ದೊರೆಯಿತು. ಅನುಮತಿಯಿಲ್ಲದೆ ದಂಡೆಯಲ್ಲಿ ಬಿಡಾರ ಹೂಡಬಾರದು, ವಾಹನ ಓಡಿಸಬಾರದು, ಕಸ ಸುರಿಯಬಾರದು ಎಂಬುದು ಆ ಮನ್ನಣೆಯ ಷರತ್ತುಗಳಲ್ಲಿ ಒಂದು. ಷರತ್ತು ಒಳ್ಳೆಯದೇ. ಆದರೆ ಒಂದು ದಂಡೆಯಲ್ಲಿ ನಿಷೇಧವಾದರೆ ವ್ಯಾನು ಪಕ್ಕದ, ಬಾವುಟವಿಲ್ಲದ ದಂಡೆಗೆ ಹೋಗುತ್ತದೆ. ಅಲ್ಲಿ ಕಸದ ಬುಟ್ಟಿಯೂ ಇಲ್ಲ, ಕಾವಲೂ ಇಲ್ಲ. ಅಲ್ಲಿ ಗಲಾಟೆ ಹೆಚ್ಚಿದ ಮೇಲೆ ಮುಂದಿನ ಹೆಜ್ಜೆ ಏನೆಂದು ಊಹಿಸುವುದು ಕಷ್ಟವಲ್ಲ: ಬೇಲಿ, ಗೇಟು, ಟಿಕೇಟು, ಸಂಜೆ ಆರಕ್ಕೆ ಬೀಗ. ಆ ಬೀಗ ಬಿದ್ದಾಗ ಹೊರಗುಳಿಯುವವರಲ್ಲಿ ಪ್ರಯಾಣಿಕನೊಬ್ಬನೇ ಇರುವುದಿಲ್ಲ. ಬಲೆ ಹೊತ್ತವರೂ, ಘಟ್ಟದಿಂದ ವರ್ಷಕ್ಕೊಮ್ಮೆ ಕಡಲ ಸ್ನಾನಕ್ಕೆಂದು ಬರುವ ಕುಟುಂಬಗಳೂ ಇರುತ್ತಾರೆ. ತೆರೆದ ದಂಡೆ ತೆರೆದೇ ಉಳಿಯಬೇಕಾದರೆ ಅದನ್ನು ಬಳಸುವ ಬಗೆಯನ್ನು ಬೇಲಿ ಬರುವ ಮೊದಲೇ ಊರು ತೀರ್ಮಾನಿಸಬೇಕು.

ಇದು ಹೊಸದಾಗಿ ಕಲಿಯಬೇಕಾದ ವಿದ್ಯೆಯೇನೂ ಅಲ್ಲ. ಕರಾವಳಿಯಿಂದ ಉಪ್ಪು, ಒಣಮೀನು ಹೇರಿಕೊಂಡು ಘಟ್ಟ ಹತ್ತುತ್ತಿದ್ದ, ಘಟ್ಟದಿಂದ ಅಕ್ಕಿ, ಮೆಣಸು ಇಳಿಸುತ್ತಿದ್ದ ಹೇರೆತ್ತಿನವರು ಎಲ್ಲೆಂದರಲ್ಲಿ ತಂಗುತ್ತಿರಲಿಲ್ಲ. ತಂಗುವ ಕಟ್ಟೆಗಳಿದ್ದವು, ಎತ್ತುಗಳಿಗೆ ನೀರಿನ ಮರಿಗೆಗಳಿದ್ದವು, ಅರವಟ್ಟಿಗೆಗಳಿದ್ದವು. ಮೇಳದ ಬಿಡಾರಕ್ಕೆ ಇವತ್ತಿಗೂ ಆಟ ಆಡಿಸುವವರೇ ಜಾಗ ತೋರಿಸುತ್ತಾರೆ: ಶಾಲೆಯ ಜಗಲಿ, ದೇವಸ್ಥಾನದ ಹೊರಾಂಗಣ, ಕೊಯ್ಲಾದ ಗದ್ದೆ. ನೀರಿನ ಬಾವಿ ಯಾವುದು, ಬಯಲು ಕಡೆ ಯಾವುದು ಎಂದು ಮೊದಲೇ ಹೇಳಿಬಿಡುತ್ತಾರೆ. ಪರಿಸರ ಚಳವಳಿಯ ಚರಿತ್ರೆಯಲ್ಲಿಯೂ ಇಂಥ ಒಂದು ದೀರ್ಘ ಭೂಯಾತ್ರೆ ಇದೆ. 1987ರ ನವೆಂಬರಿನಲ್ಲಿ ‘ಪಶ್ಚಿಮ ಘಟ್ಟ ಉಳಿಸಿ’ ಎಂದು ಒಂದು ತಂಡ ಕನ್ಯಾಕುಮಾರಿಯಿಂದ, ಇನ್ನೊಂದು ಮಹಾರಾಷ್ಟ್ರದ ನವಾಪುರದಿಂದ ಕಾಲ್ನಡಿಗೆಯಲ್ಲಿ ಹೊರಟು 1988ರ ಫೆಬ್ರವರಿಯಲ್ಲಿ ಗೋವೆಯಲ್ಲಿ ಕೂಡಿದವು. ಅವರು ಹೊತ್ತದ್ದು ಚೀಲ ಮಾತ್ರ, ನಡೆದದ್ದು ಊರುಗಳ ನಡುವೆ. ವ್ಯಾನಿನಲ್ಲಿ ಬರುವವನು ಬಾಗಿಲು ಹಾಕಿಕೊಂಡರೆ ಊರಿಲ್ಲದೆಯೂ ಬದುಕಬಲ್ಲ. ಅವನ ಅನುಕೂಲವೂ ಅದೇ, ತೊಡಕೂ ಅದೇ.

ಕಾಪುವಿನಂಥ ಕಡೆ ಆಗಬಹುದಾದುದು ಇಷ್ಟೇ. ಮರಳುದಿಬ್ಬದ ಹಿಂದೆ, ರಸ್ತೆಯ ಬದಿಯಲ್ಲಿ, ಗಟ್ಟಿ ನೆಲದ ಒಂದು ತುಂಡು ಜಾಗವನ್ನು ಸ್ಥಳೀಯ ಸಂಸ್ಥೆ ಗುರುತಿಸುವುದು. ಅಲ್ಲಿ ಒಂದು ನಲ್ಲಿ, ಒಂದು ಶೌಚಾಲಯ, ಶೌಚತೊಟ್ಟಿ ಖಾಲಿ ಮಾಡಲು ಸರಿಯಾದ ಗುಂಡಿ. ಒಂದು ರಾತ್ರಿಗೆ ಇಷ್ಟು ಎಂಬ ಬಾಡಿಗೆ. ನೋಡಿಕೊಳ್ಳುವ ಕೆಲಸ ಮೊಗವೀರ ಮಹಿಳೆಯರ ಸ್ವಸಹಾಯ ಗುಂಪಿಗೆ ಸಿಕ್ಕಿದರೆ ಊರಿಗೆ ನಾಲ್ಕು ಕಾಸು. ಯಾಂತ್ರೀಕೃತ ದೋಣಿಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆ ನಿಷೇಧವಿರುವಂತೆ, ಆಮೆಗಳ ತಿಂಗಳುಗಳಲ್ಲಿ ದಂಡೆಯ ಮೇಲೆ ಬೆಂಕಿ, ದೀಪಗಳಿಗೆ ನಿಷೇಧ ಹಾಕಿಕೊಳ್ಳಬಹುದು. ಬಲೆಯ ಒಡೆಯರಿಗೆ ಈ ಬಗೆಯ ಕಟ್ಟುಪಾಡು ಅರ್ಥವಾಗುತ್ತದೆ. ರಾತ್ರಿ ಮಲಗಲು ನೂರು ಮಾರು ಹಿಂದೆ ಸರಿದ ಪ್ರಯಾಣಿಕ ಕಳೆದುಕೊಳ್ಳುವುದು ಏನೂ ಇಲ್ಲ. ಅಲೆಯ ಸದ್ದು ಅಷ್ಟು ದೂರಕ್ಕೂ ಕೇಳುತ್ತದೆ.

ಘಟ್ಟದವರ ಪಾಲಿಗೂ ಕೆಲಸ ಉಳಿದಿದೆ. ಕಾಪುವಿನಿಂದ ಹೊರಟ ವ್ಯಾನುಗಳಲ್ಲಿ ಕೆಲವು ಮಂಗಳೂರಿನತ್ತ ಹೋಗದೆ ಕಾರ್ಕಳದ ಮೂಲಕ ಮಾಳ ದಾಟಿ ಕುದುರೆಮುಖದ ಕಡೆಗೆ ಏರುತ್ತವೆ. ಅಲ್ಲಿ ರಾಷ್ಟ್ರೀಯ ಉದ್ಯಾನದ ಕಟ್ಟುಪಾಡುಗಳಿವೆ. ರಾತ್ರಿ ಕಾಡಿನ ರಸ್ತೆಯಲ್ಲಿ ನಿಲ್ಲುವಂತಿಲ್ಲ. ಆ ಕಟ್ಟುಪಾಡುಗಳ ಹಿಂದೆ ಸರ್ವೋಚ್ಚ ನ್ಯಾಯಾಲಯದ ತನಕ ನಡೆದ ಹೋರಾಟವಿದೆ, 2005ರ ಕೊನೆಗೆ ನಿಂತ ಕಬ್ಬಿಣದ ಅದಿರಿನ ಗಣಿಗಾರಿಕೆ ಇದೆ. ಘಟ್ಟದಲ್ಲಿ ಕಾಡಿಗೆ ಸಿಕ್ಕ ಮರ್ಯಾದೆ ಕಡಲಲ್ಲಿ ಮರಳಿಗೆ ಸಿಕ್ಕಿಲ್ಲ. ಮರಳು ಮರದಂತೆ ನಿಂತು ಕಾಣಿಸಿಕೊಳ್ಳುವುದಿಲ್ಲ. ಎಷ್ಟು ಇತ್ತು, ಎಷ್ಟು ಹೋಯಿತು ಎಂದು ಯಾರೂ ಗುರುತಿಟ್ಟಿಲ್ಲದಿದ್ದರೆ ವಾದಕ್ಕೆ ಆಧಾರವೂ ಇರುವುದಿಲ್ಲ.

ಈ ಗುರುತಿಡುವ ಕೆಲಸವನ್ನು ಇಲ್ಲಿ ಕುಳಿತ ವಿದ್ಯಾರ್ಥಿಗಳೇ ಮಾಡಬಹುದು. ಅದಕ್ಕೆ ಯಂತ್ರ ಬೇಡ. ಕೆ. ಓ. ಎಮೆರಿ ಎಂಬ ಅಮೆರಿಕದ ಸಾಗರ ಭೂವಿಜ್ಞಾನಿ 1961ರಲ್ಲಿ ತಿಳಿಸಿದ ಸರಳ ಕ್ರಮವೊಂದಿದೆ. ಒಂದೂವರೆ ಮೀಟರ್ ಉದ್ದದ ಎರಡು ಕೋಲು, ಎರಡಕ್ಕೂ ಸೆಂಟಿಮೀಟರಿನ ಗೆರೆ, ನಡುವೆ ಅಷ್ಟೇ ಉದ್ದದ ಹಗ್ಗ. ಅಲುಗಾಡದ ಒಂದು ಗುರುತಿನಿಂದ, ಹಳೆಯ ತೆಂಗಿನಮರವೋ ಬಾವಿಯ ಕಟ್ಟೆಯೋ ಆದೀತು, ಅಲೆಯ ಕಡೆಗೆ ನೇರ ಸಾಲಿನಲ್ಲಿ ನಡೆಯಬೇಕು. ಹಿಂದಿನ ಕೋಲಿನ ಬಳಿ ನಿಂತವರು ಮುಂದಿನ ಕೋಲಿನ ತುದಿಯನ್ನು ಕಡಲಿನ ದಿಗಂತಕ್ಕೆ ಸರಿಹೊಂದಿಸಿ ನೋಡಬೇಕು. ಆ ದೃಷ್ಟಿರೇಖೆ ತಮ್ಮ ಕೋಲಿನಲ್ಲಿ ತುದಿಯಿಂದ ಎಷ್ಟು ಕೆಳಗೆ ಹಾಯುತ್ತದೋ ಅಷ್ಟು ಸೆಂಟಿಮೀಟರ್ ಆ ಒಂದು ಹೆಜ್ಜೆಯ ಇಳಿಜಾರು. ಒಬ್ಬರು ನೋಡಿ ಹೇಳಲಿ, ಒಬ್ಬರು ಕೋಲು ಹಿಡಿಯಲಿ, ಒಬ್ಬರು ಬರೆಯಲಿ. ಬರಹದಲ್ಲಿ ದಿನಾಂಕ, ಇಳಿತದ ಹೊತ್ತು, ಬಳ್ಳಿ ಎಲ್ಲಿಂದ ಆರಂಭವಾಗಿದೆ, ಚಕ್ರದ ಜಾಡು ಎಷ್ಟಿದೆ ಎಂಬುದೂ ಇರಲಿ. ಅಮಾವಾಸ್ಯೆಯ ಇಳಿತ ದೊಡ್ಡದಾದುದರಿಂದ ಆ ದಿನ ಅಳೆಯುವುದು ಅನುಕೂಲ. ಕಾರ್ಕಳದಿಂದ ಹೋಗುವವರು ಬೆಳಗಿನ ಮೊದಲ ಬಸ್ಸಿನಲ್ಲಿ ಹೊರಟರೆ ಬಿಸಿಲೇರುವ ಮುನ್ನ ಮೂರು ಸಾಲು ಅಳೆಯಬಹುದು. ದಂಡೆಯಲ್ಲಿ ವ್ಯಾನು ನಿಂತಿದ್ದರೆ ಅದರಲ್ಲಿರುವವರನ್ನೂ ಕರೆಯಬೇಕು. ಕೋಲು ಹಿಡಿಯಲು ಒಂದು ಕೈ ಯಾವಾಗಲೂ ಕಡಿಮೆ ಬೀಳುತ್ತದೆ.